ನಡುರಾತ್ರಿಯ ಎಚ್ಚರಕ್ಕೆ ಕಾರಣ ಹುಡುಕುವ ಪರೀಕ್ಷೆ



ಗುರುಗಳ ಬಳಿಗೆ ಬಂದವರು ಮಕ್ಕಳ ಓದು, ಸಾಲದ ಕಂತು, ಮದುವೆ ಮಾತುಕತೆ ಎಲ್ಲವನ್ನೂ ಹೇಳಿ ಮುಗಿಸಿ, ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳುವುದುಂಟು. “ಸ್ವಾಮಿ, ರಾತ್ರಿ ಎರಡು ಮೂರು ಗಂಟೆಗೆ ಯಾರೋ ತಟ್ಟಿ ಎಬ್ಬಿಸಿದ ಹಾಗೆ ಎಚ್ಚರವಾಗಿಬಿಡುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಒಂದು ಸಲ ಬಂದು ಮನೆ ಮಂತ್ರಿಸಿಕೊಡಿ.” ಮನೆ ಮಂತ್ರಿಸುವುದಕ್ಕೆ ಯಾವ ಗುರುವೂ ಒಲ್ಲೆನೆನ್ನುವುದಿಲ್ಲ. ಆದರೆ ಅದೇ ಕೋಣೆಯಲ್ಲಿ ಪಕ್ಕದ ಚಾಪೆಯ ಮೇಲೆ ಮಲಗಿದವರಿಗೆ ಏನೂ ಆಗದೆ ಒಬ್ಬರಿಗೆ ಮಾತ್ರ ಹೀಗಾಗುತ್ತಿದ್ದರೆ, ಕಾರಣವನ್ನು ಗೋಡೆಗಳಲ್ಲಿ ಹುಡುಕುವ ಮೊದಲು ಮಲಗಿದವರ ದೇಹದಲ್ಲಿ ಹುಡುಕುವುದು ನ್ಯಾಯ. ಹಾಗೆ ಹುಡುಕುವುದಕ್ಕೆ ಇಂದು ಒಂದು ಪರೀಕ್ಷೆ ಇದೆ. ಆಸ್ಪತ್ರೆಯವರು ಅದನ್ನು ಸ್ಲೀಪ್ ಸ್ಟಡಿ ಎನ್ನುತ್ತಾರೆ. ಉದ್ದನೆಯ ಹೆಸರು ಪಾಲಿಸೋಮ್ನೋಗ್ರಫಿ. ನಾವು ನಿದ್ರಾ ಪರೀಕ್ಷೆ ಎಂದು ಕರೆಯೋಣ.

ಮಲಗಿದವನು ಸಾಕ್ಷಿಯಾಗಲಾರ

ಸೆಮಿನರಿಯಲ್ಲಿ ತತ್ವಶಾಸ್ತ್ರದ ಮೊದಲ ವರ್ಷದಲ್ಲೇ ಕಲಿಸುವ ಪಾಠವೊಂದಿದೆ: ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ಕೋಳಿ ಕೂಗಿದ್ದರಿಂದ ಬೆಳಗಾಗುವುದಿಲ್ಲ. ಹಗಲು ಹೊತ್ತಿನಲ್ಲಿ ಎಲ್ಲರೂ ಒಪ್ಪುವ ಈ ಮಾತು ರಾತ್ರಿಯ ವಿಷಯದಲ್ಲಿ ಯಾರಿಗೂ ನೆನಪಾಗುವುದಿಲ್ಲ. ಎಚ್ಚರವಾದ ಕೂಡಲೇ ಮನಸ್ಸು ಕೈಗೆ ಸಿಕ್ಕಿದ ಕಾರಣವನ್ನು ಹಿಡಿದುಕೊಳ್ಳುತ್ತದೆ. ಮೂತ್ರಕ್ಕೆ ಹೋಗಬೇಕೆನಿಸಿದರೆ ಅದೇ ಕಾರಣ. ಬೀದಿಯಲ್ಲಿ ನಾಯಿ ಬೊಗಳುತ್ತಿದ್ದರೆ ನಾಯಿ. ಕನಸು ನೆನಪಿದ್ದರೆ ಕನಸು. ಇವೊಂದೂ ಇಲ್ಲದಿದ್ದರೆ ದೆವ್ವ. ಆದರೆ ಎಚ್ಚರವಾಗುವುದಕ್ಕೆ ಹತ್ತು ಸೆಕೆಂಡು ಮೊದಲು ಏನು ನಡೆಯಿತು? ಅದನ್ನು ಹೇಳಬೇಕಾದವನು ಆಗ ನಿದ್ದೆಯಲ್ಲಿದ್ದ. ತನ್ನ ನಿದ್ರೆಗೆ ತಾನೇ ಸಾಕ್ಷಿಯಾಗುವುದು ಯಾರಿಂದಲೂ ಆಗದು.

ಅರಿಸ್ಟಾಟಲ್ ನಿದ್ರೆ ಮತ್ತು ಎಚ್ಚರದ ಬಗ್ಗೆ ಪುಟ್ಟ ಗ್ರಂಥವೊಂದನ್ನೇ ಬರೆದಿದ್ದಾನೆ. ತಿಂದ ಅನ್ನದ ಆವಿ ತಲೆಗೇರಿ, ಅಲ್ಲಿ ತಣ್ಣಗಾಗಿ ಇಳಿದಾಗ ನಿದ್ದೆ ಬರುತ್ತದೆಂದು ಅವನ ಎಣಿಕೆ. ಹೊಟ್ಟೆ ತುಂಬ ಉಂಡು ಭಾನುವಾರ ಮಧ್ಯಾಹ್ನ ತೂಕಡಿಸಿದವರಿಗೆ ಇದು ನಿಜವೆನಿಸಿದರೂ ಆಶ್ಚರ್ಯವಿಲ್ಲ! ಅಷ್ಟು ದೊಡ್ಡ ಬುದ್ಧಿಗೂ ನಿದ್ರೆಯ ಒಳಗೆ ಇಣುಕಿ ನೋಡುವ ಸಾಧನವಿರಲಿಲ್ಲ.

ಸಾಧನ ಬಂದದ್ದು 20ನೆಯ ಶತಮಾನದಲ್ಲಿ. ಜರ್ಮನಿಯ ಯೇನಾ ಪಟ್ಟಣದ ಮನೋವೈದ್ಯ ಹಾನ್ಸ್ ಬರ್ಗರ್ ಅವರು 1924ರಲ್ಲಿ ಮನುಷ್ಯನ ಮಿದುಳಿನ ಅತಿ ಸಣ್ಣ ವಿದ್ಯುತ್ ಅಲೆಗಳನ್ನು ತಲೆಯ ಮೇಲಿನಿಂದಲೇ ದಾಖಲಿಸಿದರು. 1929ರಲ್ಲಿ ಅದನ್ನು ಪ್ರಕಟಿಸಿದರು. ನಮಗೆಲ್ಲ ಗೊತ್ತಿರುವ ಇ.ಇ.ಜಿ. ಅದೇ. 1953ರಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯೆಲ್ ಕ್ಲೈಟ್‌ಮನ್ ಅವರು, ಮಲಗಿದವರ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯೊಳಗೆ ಆಗಾಗ ವೇಗವಾಗಿ ಓಡಾಡುವ ಒಂದು ವಿಶೇಷ ನಿದ್ರೆ ಉಂಟೆಂದು ತೋರಿಸಿಕೊಟ್ಟರು. ಅಸೆರಿನ್ಸ್ಕಿ ಅವರು ಈ ಪರೀಕ್ಷೆಗೆ ತಮ್ಮ ಎಂಟು ವರ್ಷದ ಮಗನನ್ನೂ ಮಲಗಿಸಿದ್ದರು. ಆ ನಿದ್ರೆಗೆ ರೆಮ್ ಎಂದು ಹೆಸರಾಯಿತು. ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಇದರಲ್ಲೇ.

ಇದರಿಂದ ತಿಳಿದುಬಂದದ್ದು ಇಷ್ಟು. ನಿದ್ರೆ ಒಂದೇ ಸಮನೆ ಹರಿಯುವ ನೀರಲ್ಲ. ಸುಮಾರು 90 ನಿಮಿಷಕ್ಕೊಂದು ಸುತ್ತಿನಂತೆ ರಾತ್ರಿಗೆ ನಾಲ್ಕೈದು ಸುತ್ತು. ಮೊದಲ ಸುತ್ತುಗಳಲ್ಲಿ ಗಾಢನಿದ್ರೆ ಹೆಚ್ಚು. ಬೆಳಗಿನ ಜಾವದ ಕಡೆಗೆ ಕನಸಿನ ನಿದ್ರೆ ಹೆಚ್ಚು. ಹಾಗಾಗಿ ಎಚ್ಚರವಾದ ಗಂಟೆಯೇ ವೈದ್ಯರಿಗೆ ಒಂದು ಸುಳಿವು. ಹನ್ನೊಂದೂವರೆಗೆ ಚೀರಿ ಎದ್ದ ಮಗುವಿನ ಕಥೆ ಬೇರೆ, ನಾಲ್ಕು ಗಂಟೆಗೆ ಬೆಚ್ಚಿ ಎದ್ದ ತಾತನ ಕಥೆ ಬೇರೆ.

ಇನ್ನೊಂದು ಮಾತು. ರಾತ್ರಿ ಒಂದೆರಡು ಸಲ ಎಚ್ಚರವಾಗಿ, ಮಗ್ಗಲು ಬದಲಿಸಿ ಮತ್ತೆ ಮಲಗುವುದು ರೋಗವಲ್ಲ. ಹಳೆಯ ಯೂರೋಪಿನಲ್ಲಿ ಜನ ರಾತ್ರಿಯನ್ನು ಮೊದಲ ನಿದ್ದೆ, ಎರಡನೆಯ ನಿದ್ದೆ ಎಂದು ಭಾಗ ಮಾಡಿಕೊಂಡು, ನಡುವೆ ಎದ್ದು ಕೂತು ಮಾತಾಡುತ್ತಿದ್ದರೆಂದು ರೋಜರ್ ಎಕಿರ್ಚ್ ಎಂಬ ಇತಿಹಾಸಕಾರರು ಹಳೆಯ ದಾಖಲೆಗಳಿಂದ ತೋರಿಸಿದ್ದಾರೆ. 6ನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿಯಂತೂ ಚಳಿಗಾಲದಲ್ಲಿ ಸನ್ಯಾಸಿಗಳು ರಾತ್ರಿಯ ಎಂಟನೆಯ ತಾಸಿಗೆ, ಎಂದರೆ ಬೆಳಕು ಹರಿಯುವುದಕ್ಕೆ ಬಹಳ ಮೊದಲೇ, ಪ್ರಾರ್ಥನೆಗೆ ಏಳಬೇಕೆಂದು ಹೇಳುತ್ತದೆ. ಇಲ್ಲಿ ನಮ್ಮ ಮಾತು ಅಂಥ ಶಾಂತವಾದ ಎಚ್ಚರದ ಬಗ್ಗೆ ಅಲ್ಲ. ಉಸಿರು ಕಟ್ಟಿ, ಬೆವತು, ಕೂಗಿ, ಎದೆ ಹಿಡಿದುಕೊಂಡು ಥಟ್ಟನೆ ಎದ್ದು ಕೂರುವವರ ಬಗ್ಗೆ.

ಪರೀಕ್ಷೆಯ ರಾತ್ರಿ

ಪರೀಕ್ಷೆಯೆಂದರೆ ಸೂಜಿ, ಕತ್ತರಿ, ಷಾಕ್ ಎಂದು ಹೆದರುವವರಿದ್ದಾರೆ. ಅಂಥದ್ದೇನೂ ಇಲ್ಲ. ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು. ಹಾಸಿಗೆ ಇರುವ ಒಂದು ಸಾಮಾನ್ಯ ಕೋಣೆ. ತಂತ್ರಜ್ಞರು ಬಂದು ತಲೆಯ ಮೇಲೆ ಕೆಲವು ಕಡೆ, ಎರಡೂ ಕಣ್ಣುಗಳ ಬದಿಯಲ್ಲಿ, ಗದ್ದದ ಮೇಲೆ, ಎದೆಯ ಮೇಲೆ, ಮೊಣಕಾಲಿನ ಕೆಳಗೆ ಅಂಟಿನಿಂದ ಸಣ್ಣ ಬಿಲ್ಲೆಗಳನ್ನು ಅಂಟಿಸುತ್ತಾರೆ. ಮೂಗಿನ ಬಳಿ ಗಾಳಿಯ ಹರಿವನ್ನು ನೋಡುವ ಸಣ್ಣ ಕೊಳವೆ. ಎದೆಗೊಂದು, ಹೊಟ್ಟೆಗೊಂದು ಪಟ್ಟಿ. ಬೆರಳಿಗೆ ರಕ್ತದ ಆಮ್ಲಜನಕವನ್ನು ಅಳೆಯುವ ಕ್ಲಿಪ್ಪು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದಿತ್ತಲ್ಲ, ಅದೇ ಜಾತಿಯದು. ಗೋಡೆಯ ಮೇಲೆ ಕತ್ತಲಲ್ಲೂ ಕಾಣುವ ಕ್ಯಾಮೆರಾ. ತಂತಿಗಳು ದೇಹದಿಂದ ಸಂಕೇತಗಳನ್ನು ತೆಗೆದುಕೊಳ್ಳುತ್ತವೆಯೇ ಹೊರತು ದೇಹದೊಳಕ್ಕೆ ಕರೆಂಟು ಬಿಡುವುದಿಲ್ಲ. ನಡುವೆ ಬಚ್ಚಲಿಗೆ ಹೋಗಬೇಕಾದರೆ ಕರೆದರೆ ಸಾಕು, ಬಂದು ಬಿಡಿಸಿಕೊಡುತ್ತಾರೆ.

“ಇಷ್ಟು ತಂತಿ ಕಟ್ಟಿದ ಮೇಲೆ ನಿದ್ದೆ ಹೇಗೆ ಬರುತ್ತದೆ?” ಎಲ್ಲರೂ ಕೇಳುವ ಪ್ರಶ್ನೆ, ಸರಿಯಾದ ಪ್ರಶ್ನೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಕೆಡುತ್ತದೆಂಬುದು 1960ರ ದಶಕದಿಂದಲೂ ಸಂಶೋಧಕರಿಗೆ ಗೊತ್ತು. ಅಪರಿಚಿತ ಜಾಗದ ಮೊದಲ ರಾತ್ರಿ ಮಿದುಳಿನ ಒಂದು ಅರ್ಧ ಇನ್ನೊಂದು ಅರ್ಧಕ್ಕಿಂತ ಹಗುರವಾಗಿ ಮಲಗಿ ಕಾವಲು ಕಾಯುತ್ತದೆಂದು 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಕಂಡುಕೊಂಡರು. ಹಾಗಿದ್ದರೂ ಬಹುತೇಕ ಜನ ಸಾಕಷ್ಟು ಮಲಗುತ್ತಾರೆ. ಕಾರಣ ಹುಡುಕುವುದಕ್ಕೆ ಕೆಲವು ಗಂಟೆಗಳ ನಿದ್ರೆ ಸಾಕಾಗುತ್ತದೆ.

ಬೆಳಗ್ಗೆ ಈ ದಾಖಲೆಯನ್ನು 30 ಸೆಕೆಂಡಿನ ತುಣುಕುಗಳಾಗಿ ಓದುತ್ತಾರೆ. ಎಂಟು ಗಂಟೆಗೆ 960 ತುಣುಕು. ಮಿದುಳಿನ ಅಲೆಗಳು ಕನಿಷ್ಠ 3 ಸೆಕೆಂಡು ಥಟ್ಟನೆ ಚುರುಕಾದ ಜಾಗಗಳನ್ನೆಲ್ಲ ಗುರುತು ಹಾಕಿಕೊಳ್ಳುತ್ತಾರೆ. ಅವು ಪುಟ್ಟ ಎಚ್ಚರಗಳು. ಮಲಗಿದವರಿಗೆ ಇವುಗಳಲ್ಲಿ ಬಹುಪಾಲು ನೆನಪೇ ಇರುವುದಿಲ್ಲ. ಆಮೇಲೆ ಮಾಡುವುದು ಪೊಲೀಸರು ಮಾಡುವ ಕೆಲಸ: ಪ್ರತಿ ಎಚ್ಚರದಿಂದ ಹಿಂದಕ್ಕೆ ನಡೆದು, ಅದಕ್ಕೆ ಮೊದಲು ಯಾವ ಗೆರೆ ಅಲುಗಾಡಿತು ಎಂದು ನೋಡುವುದು. ಮೂಗಿನ ಗೆರೆಯೋ, ಕಾಲಿನ ಗೆರೆಯೋ, ಹೃದಯದ ಗೆರೆಯೋ, ಮಿದುಳಿನ ಗೆರೆಯೋ? ಒಂದೇ ಸಲ ಕಂಡರೆ ಅದು ಆಕಸ್ಮಿಕ. ರಾತ್ರಿಯಿಡೀ ಅದೇ ಕ್ರಮ ನೂರು ಸಲ ಕಂಡರೆ ಕಾರಣ ಬಹುಮಟ್ಟಿಗೆ ಸಿಕ್ಕಿತೆಂದೇ ಲೆಕ್ಕ.

ಗೊರಕೆ ನಿಂತಾಗ ಭಯಪಡಬೇಕು

ಈ ಪರೀಕ್ಷೆಯಲ್ಲಿ ಅತಿ ಹೆಚ್ಚಾಗಿ ಸಿಕ್ಕಿಬೀಳುವ ಕಾರಣ ಸ್ಲೀಪ್ ಅಪ್ನಿಯ, ಎಂದರೆ ನಿದ್ರೆಯಲ್ಲಿ ಉಸಿರು ನಿಲ್ಲುವುದು. ಎಚ್ಚರವಿರುವಾಗ ಗಂಟಲಿನ ಸ್ನಾಯುಗಳು ಉಸಿರಿನ ದಾರಿಯನ್ನು ತೆರೆದು ಹಿಡಿದಿರುತ್ತವೆ. ನಿದ್ರೆಯಲ್ಲಿ ಅವು ಸಡಿಲವಾಗುತ್ತವೆ. ಕೆಲವರಲ್ಲಿ ನಾಲಿಗೆಯ ಬುಡ, ಕಿರುನಾಲಿಗೆಯ ಸುತ್ತಲಿನ ಮಾಂಸ ಹಿಂದಕ್ಕೆ ಜಾರಿ ದಾರಿ ಕಿರಿದಾಗುತ್ತದೆ, ಅದೇ ಗೊರಕೆ. ದಾರಿ ಪೂರಾ ಮುಚ್ಚಿಕೊಂಡರೆ ಗೊರಕೆಯೂ ನಿಲ್ಲುತ್ತದೆ. ಪಕ್ಕದಲ್ಲಿ ಮಲಗಿದ ಹೆಂಡತಿ “ಸದ್ಯ, ಸುಮ್ಮನಾದರು” ಎಂದುಕೊಳ್ಳುವ ಹೊತ್ತು ಅದು. ಆದರೆ ಪರೀಕ್ಷೆಯ ಕಾಗದದಲ್ಲಿ ಆ ಹೊತ್ತಿನ ಚಿತ್ರವೇ ಬೇರೆ. ಮೂಗಿನ ಗೆರೆ ಚಪ್ಪಟೆಯಾಗಿ ಮಲಗಿದೆ. ಎದೆ ಮತ್ತು ಹೊಟ್ಟೆಯ ಪಟ್ಟಿಗಳು ಒಂದಕ್ಕೊಂದು ವಿರುದ್ಧವಾಗಿ ಏರಿಳಿಯುತ್ತಿವೆ. ಮುಚ್ಚಿದ ಬಾಗಿಲನ್ನು ನೂಕುವವನ ಹೆಣಗಾಟ ಅದು. ಸ್ವಲ್ಪ ಹೊತ್ತಿಗೆ ಆಮ್ಲಜನಕ ಇಳಿಯುತ್ತದೆ. ಆಗ ಮಿದುಳು ತಾನೇ ಗಂಟೆ ಬಾರಿಸಿ ಎಬ್ಬಿಸುತ್ತದೆ. ದೊಡ್ಡದೊಂದು ಗುಟುಕು ಉಸಿರು, ನಾಡಿಯ ಓಟ, ಮತ್ತೆ ನಿದ್ದೆ. ಮತ್ತೆ ಅದೇ.

ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅದನ್ನು ಒಂದು ಎಂದು ಎಣಿಸುತ್ತಾರೆ. ಅರೆಬರೆ ಕಡಿಮೆಯಾದದ್ದನ್ನೂ ಅದಕ್ಕೆ ಕೂಡಿಸುತ್ತಾರೆ. ದೊಡ್ಡವರಲ್ಲಿ ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದಕ್ಕೂ ಮೇಲಾದರೆ ತೀವ್ರ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ. ನಿಮ್ಮ ಮಗುವನ್ನು ಯಾರಾದರೂ ರಾತ್ರಿಯಿಡೀ ಎರಡು ನಿಮಿಷಕ್ಕೊಮ್ಮೆ ಅಲುಗಾಡಿಸಿ ಎಬ್ಬಿಸಿದರೆ ಬೆಳಗ್ಗೆ ಅದು ಶಾಲೆಯಲ್ಲಿ ಏನು ಕಲಿತೀತು? ಮನೆಯ ಯಜಮಾನ ಅದೇ ಸ್ಥಿತಿಯಲ್ಲಿ ಬಸ್ಸು ಓಡಿಸಲು, ಯಂತ್ರದ ಮುಂದೆ ನಿಲ್ಲಲು ಹೋಗುತ್ತಾನೆ. ಪ್ರಸಂಗದ ಹೊತ್ತಿಗೆ ತಲೆ ವಾಲಿಸುವವರೆಲ್ಲ ಪ್ರಸಂಗ ನೀರಸವಾದ್ದರಿಂದಲೇ ಮಲಗುತ್ತಾರೆಂದು ತಿಳಿಯಬೇಕಾಗಿಲ್ಲ. ನಮ್ಮಂಥ ಗುರುಗಳಿಗೆ ಇದೊಂದು ಸಮಾಧಾನ!

ಮೂತ್ರದ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕಾರಣವೂ ಪರಿಣಾಮವೂ ಇಲ್ಲಿ ತಲೆಕೆಳಗಾಗುತ್ತವೆ. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವವರು ಸಕ್ಕರೆ ಕಾಯಿಲೆಯೋ ಪ್ರಾಸ್ಟೇಟ್ ತೊಂದರೆಯೋ ಎಂದು ತಿರುಗಾಡುತ್ತಾರೆ. ಅದನ್ನು ಪರೀಕ್ಷಿಸಬೇಕಾದದ್ದೇ. ಆದರೆ ಮುಚ್ಚಿದ ಗಂಟಲಿನ ವಿರುದ್ಧ ಉಸಿರೆಳೆಯುವಾಗ ಎದೆಯೊಳಗಿನ ಒತ್ತಡ ಬದಲಾಗಿ ಹೃದಯದ ಗೂಡುಗಳು ಹಿಗ್ಗುತ್ತವೆ. ಮೈಯಲ್ಲಿ ನೀರು ಹೆಚ್ಚಾಗಿದೆಯೆಂದು ತಿಳಿದ ಹೃದಯ, ಮೂತ್ರ ಹೆಚ್ಚಿಸುವ ಹಾರ್ಮೋನನ್ನು ಬಿಡುತ್ತದೆ. ಹಾಗಾಗಿ ಎಬ್ಬಿಸಿದ್ದೂ ಉಸಿರೇ, ಮೂತ್ರ ತುಂಬಿಸಿದ್ದೂ ಉಸಿರೇ. ಎದ್ದವರು ಮಾತ್ರ “ನನಗೆ ಮೂತ್ರಕ್ಕೆ ಎಚ್ಚರವಾಯಿತು” ಎನ್ನುತ್ತಾರೆ.

ಈ ರೋಗವನ್ನು ನಿದ್ರಾ ದಾಖಲೆಯಲ್ಲಿ ಸ್ಪಷ್ಟವಾಗಿ ಗುರುತಿಸಿದ್ದು 1965ರಲ್ಲಿ, ಫ್ರಾನ್ಸಿನ ಮಾರ್ಸೇಲ್ ಪಟ್ಟಣದ ವೈದ್ಯರು ಮತ್ತು ಜರ್ಮನಿಯ ವೈದ್ಯರು ಬೇರೆಬೇರೆಯಾಗಿ. ಆಗ ಇದ್ದ ಒಂದೇ ಗಟ್ಟಿ ಚಿಕಿತ್ಸೆಯೆಂದರೆ ಗಂಟಲಿಗೆ ತೂತು ಕೊರೆದು ಉಸಿರಿಗೆ ಬೇರೆ ದಾರಿ ಮಾಡುವುದು. 1980ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು, ಆ ಶಸ್ತ್ರಚಿಕಿತ್ಸೆ ಬೇಡವೆಂದ ರೋಗಿಯೊಬ್ಬರಿಗೆ ಮೂಗಿನ ಮೂಲಕ ಸಣ್ಣ ಒತ್ತಡದ ಗಾಳಿಯನ್ನು ಬಿಟ್ಟು ನೋಡಿದರು. ಗಂಟಲು ಬಲೂನಿನಂತೆ ತೆರೆದು ನಿಂತಿತು. ರೋಗಿ ಗಾಢನಿದ್ರೆಗೆ ಹೋದರು. 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಇಂದು ಸಿಪ್ಯಾಪ್ ಎಂದು ಮಾರುವ ಯಂತ್ರದ ಹುಟ್ಟು ಅದು.

ಇದು ಬರೀ ವಿದೇಶದವರ, ದಪ್ಪಗಿರುವವರ ರೋಗವೆಂದು ತಳ್ಳಿಹಾಕುವ ಹಾಗಿಲ್ಲ. ದುಡಿಯುವ ವಯಸ್ಸಿನ ಸುಮಾರು 10 ಕೋಟಿ ಭಾರತೀಯರಿಗೆ ಇದು ಇರಬಹುದೆಂದು ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ಅಂದಾಜು ಮಾಡಿದರು. ಕುತ್ತಿಗೆ ದಪ್ಪವಿರುವವರಲ್ಲಿ, ಬಿ.ಪಿ. ಇರುವವರಲ್ಲಿ, 50 ದಾಟಿದ ಗಂಡಸರಲ್ಲಿ ಹೆಚ್ಚು. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಏರುತ್ತದೆ. ಗದ್ದ ಚಿಕ್ಕದಿರುವ ತೆಳ್ಳಗಿನವರಲ್ಲೂ ಕಾಣುತ್ತದೆ. ಮಲಗುವ ಮೊದಲು ಕುಡಿಯುವವರ ಗಂಟಲು ಇನ್ನಷ್ಟು ಸಡಿಲವಾಗುತ್ತದೆ. ಕುಡಿದದ್ದು ಇಳಿಯುವ ಹೊತ್ತಿಗೆ, ರಾತ್ರಿಯ ಎರಡನೆಯ ಭಾಗದಲ್ಲಿ, ನಿದ್ದೆ ಚೂರುಚೂರಾಗುತ್ತದೆ. “ಒಂದು ಪೆಗ್ ಹಾಕಿದರೆ ಚೆನ್ನಾಗಿ ನಿದ್ದೆ ಬರುತ್ತದೆ” ಎನ್ನುವವರು ಮೊದಲ ಅರ್ಧ ರಾತ್ರಿಯ ಲೆಕ್ಕ ಮಾತ್ರ ಹೇಳುತ್ತಿರುತ್ತಾರೆ.

ಕಾಲು, ಕೈ, ಕನಸು

ಹಿಂದಕ್ಕೆ ನಡೆದಾಗ ಕೆಲವರಲ್ಲಿ ಸಿಗುವುದು ಕಾಲಿನ ಗೆರೆ. ಇಪ್ಪತ್ತು ನಲವತ್ತು ಸೆಕೆಂಡಿಗೊಮ್ಮೆ ಹೆಬ್ಬೆರಳು, ಪಾದ ತಾನಾಗಿ ಮೇಲಕ್ಕೆ ಮಡಚಿಕೊಳ್ಳುತ್ತದೆ. ಅದರ ಬೆನ್ನಿಗೆ ಪುಟ್ಟ ಎಚ್ಚರ. ಇಂಥವರಲ್ಲಿ ಅನೇಕರಿಗೆ ಸಂಜೆಯಾದರೆ ಕಾಲಿನೊಳಗೆ ಹರಿದಾಡಿದಂತಾಗಿ, ಅಲ್ಲಾಡಿಸದೆ ಇರಲಾಗದಂಥ ಕಸಿವಿಸಿ ಇರುತ್ತದೆ. 1672ರಲ್ಲೇ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಇದನ್ನು ಬರೆದಿಟ್ಟಿದ್ದರು; 1945ರಲ್ಲಿ ಸ್ವೀಡನ್ನಿನ ವೈದ್ಯ ಎಕ್‌ಬೊಮ್ ಅದನ್ನು ವಿವರವಾಗಿ ವರ್ಣಿಸಿದರು. ಈ ಕಸಿವಿಸಿಯನ್ನು ಗುರುತಿಸಲು ಪರೀಕ್ಷೆಯೇ ಬೇಕೆಂದಿಲ್ಲ, ರೋಗಿಯ ಮಾತು ಸಾಕು. ಕಬ್ಬಿಣಾಂಶ ಕಡಿಮೆಯಾದವರಲ್ಲಿ ಇದು ಹೆಚ್ಚು. ನಮ್ಮ ತಾಯಂದಿರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದು ಹೇಳಬೇಕಾಗಿಲ್ಲ. “ಕಾಲು ಸೆಳೆತ, ವಯಸ್ಸಾಯಿತಲ್ಲ” ಎಂದು ಸೊಸೆಯಿಂದ ಎಣ್ಣೆ ತಿಕ್ಕಿಸಿಕೊಳ್ಳುವ ಅತ್ತೆಯವರಿಗೆ ಒಂದು ಫೆರಿಟಿನ್ ರಕ್ತಪರೀಕ್ಷೆ ಮಾಡಿಸಿ.

ಇನ್ನೊಂದು ಕಾರಣವನ್ನು ಹೇಳುವಾಗ ಗುರುವಾಗಿ ನನಗೊಂದು ಜವಾಬ್ದಾರಿ ಇದೆ. ಕನಸಿನ ನಿದ್ರೆಯಲ್ಲಿ ದೇಹದ ಸ್ನಾಯುಗಳು ಸ್ತಬ್ಧವಾಗಿರುತ್ತವೆ. ದೇವರು ಹಾಕಿದ ಚಿಲಕವೆನ್ನಿ. ಕೆಲವರಲ್ಲಿ, ವಿಶೇಷವಾಗಿ 50 ದಾಟಿದ ಗಂಡಸರಲ್ಲಿ, ಈ ಚಿಲಕ ಕಳಚಿ, ಕನಸಿನಲ್ಲಿ ಕಳ್ಳನನ್ನು ಹೊಡೆಯುವವರು ಪಕ್ಕದಲ್ಲಿದ್ದ ಹೆಂಡತಿಯನ್ನು ಹೊಡೆಯುತ್ತಾರೆ, ಮಂಚದಿಂದ ಹಾರಿ ಬೀಳುತ್ತಾರೆ. 1986ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಷೆಂಕ್ ಮತ್ತು ಮಹೊವಾಲ್ಡ್ ಅವರು ಇದನ್ನು ಒಂದು ಪ್ರತ್ಯೇಕ ರೋಗವೆಂದು ತೋರಿಸಿದರು. ಕನಸಿನ ನಿದ್ರೆಯಲ್ಲಿ ಗದ್ದದ ಸ್ನಾಯುವಿನ ಗೆರೆ ಸುಮ್ಮನಿರಬೇಕಾದಲ್ಲಿ ಕುಣಿಯುತ್ತಿರುವುದು ಪರೀಕ್ಷೆಯಲ್ಲಿ ಕಾಣುತ್ತದೆ. ಪರೀಕ್ಷೆಯಿಲ್ಲದೆ ಇದನ್ನು ಖಚಿತಪಡಿಸುವಂತಿಲ್ಲ. ಇಂಥವರಲ್ಲಿ ಅನೇಕರಿಗೆ ವರ್ಷಗಳ ನಂತರ ಪಾರ್ಕಿನ್ಸನ್ ಅಥವಾ ಅದರ ಬಳಗದ ಕಾಯಿಲೆ ಬರುವುದರಿಂದ ನರರೋಗ ತಜ್ಞರ ನಿಗಾ ಬೇಕು.

ನೋವುಂಡ ಹೆಂಡತಿ ಸಂಕೋಚದಿಂದ ಯಾರಿಗೂ ಹೇಳುವುದಿಲ್ಲ. ಗಂಡ ತನ್ನೊಳಗೇ ಕೊರಗಿ, ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕೋ ಬೇಡವೋ ಎಂದು ಚಡಪಡಿಸುತ್ತಾನೆ. ಮನುಷ್ಯನು ತಿಳಿದು, ಮನಸ್ಸಿಟ್ಟು ಮಾಡುವ ಕೃತ್ಯ ಬೇರೆ. ಮನುಷ್ಯನ ದೇಹದಲ್ಲಿ ಸುಮ್ಮನೆ ನಡೆದುಹೋಗುವ ಕೃತ್ಯ ಬೇರೆ ಎಂದು ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲೇ ವಿಂಗಡಿಸಿದ್ದಾರೆ. ನಿದ್ರಿಸುವವನ ವಿವೇಚನೆಗೆ ಸ್ವಾತಂತ್ರ್ಯವಿಲ್ಲದ್ದರಿಂದ ನಿದ್ರೆಯಲ್ಲಿ ಆದದ್ದು ತಾನಾಗಿ ಪಾಪವಲ್ಲ ಎಂಬುದೂ ಅವರ ತೀರ್ಮಾನವೇ. ಆದರೆ ಎಚ್ಚರವಿದ್ದಾಗ ಗೊತ್ತಾದ ಮೇಲೂ ಚಿಕಿತ್ಸೆಗೆ ಹೋಗದಿರುವುದು, ಮಂಚದ ಪಕ್ಕದ ಗಾಜಿನ ಸಾಮಾನು, ಕತ್ತಿ ಕುಡುಗೋಲು ತೆಗೆದಿಡದಿರುವುದು, ಇವು ತಿಳಿದು ಮಾಡುವ ಕೃತ್ಯಗಳ ಸಾಲಿಗೇ ಸೇರುತ್ತವೆ.

ಎದೆಯ ಮೇಲೆ ಕೂತದ್ದು

ಮನೆ ಮಂತ್ರಿಸಲು ಕರೆಯುವವರು ಹೇಳುವ ಅನುಭವದಲ್ಲಿ ಬಹಳಷ್ಟು ಹೀಗಿರುತ್ತದೆ: ಎಚ್ಚರವಾಯಿತು, ಕಣ್ಣು ತೆರೆದಿದೆ, ಕೋಣೆ ಕಾಣುತ್ತಿದೆ, ಆದರೆ ಕೈಕಾಲು ಅಲ್ಲಾಡಿಸಲಾಗದು, ಕೂಗಲಾಗದು, ಯಾರೋ ಎದೆ ಮೇಲೆ ಕೂತು ಅಮುಕುತ್ತಿದ್ದಾರೆ. ಇದು ಆಗಲೇ ಹೇಳಿದ ಚಿಲಕದ ಇನ್ನೊಂದು ಮುಖ. ಮನಸ್ಸು ಎಚ್ಚರವಾಗಿದೆ, ಕನಸಿನ ನಿದ್ರೆಯ ಚಿಲಕ ಇನ್ನೂ ತೆರೆದಿಲ್ಲ. ಕನಸಿನ ಒಂದು ತುಂಡು ಕೋಣೆಯೊಳಗೇ ಉಳಿದುಬಿಟ್ಟಿದೆ. ಸೆಕೆಂಡುಗಳಲ್ಲಿ, ಹೆಚ್ಚೆಂದರೆ ಕೆಲವು ನಿಮಿಷಗಳಲ್ಲಿ ಬಿಟ್ಟುಹೋಗುತ್ತದೆ. ಜಪಾನಿನವರು ಇದನ್ನು ಕನಾಶಿಬಾರಿ ಎನ್ನುತ್ತಾರೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನವರು ಮುದಿ ಮಾಟಗಾತಿ ಬಂದಳೆನ್ನುತ್ತಾರೆ. ಹೆನ್ರಿ ಫ್ಯೂಸೆಲಿ ಎಂಬ ಚಿತ್ರಕಾರರು 1781ರಲ್ಲೇ ಮಲಗಿದ ಹೆಂಗಸಿನ ಎದೆಯ ಮೇಲೆ ಕೂತ ಕುಳ್ಳ ಪಿಶಾಚಿಯನ್ನು ಬರೆದಿದ್ದಾರೆ. ಭೂಮಿಯ ಎಲ್ಲ ಮೂಲೆಗಳಲ್ಲೂ ಒಂದೇ ಬಗೆಯಲ್ಲಿ ಆಗುವುದು ನಮ್ಮೂರಿನ ಹುಣಸೇಮರದಿಂದ ಬಂದಿರಲಾರದು. ನಿದ್ದೆಗೆಟ್ಟವರಿಗೆ, ಪಾಳಿಯ ಕೆಲಸದವರಿಗೆ, ಅಂಗಾತ ಮಲಗುವವರಿಗೆ ಇದು ಹೆಚ್ಚು. ಆಗೊಮ್ಮೆ ಈಗೊಮ್ಮೆ ಆಗುವವರಿಗೆ ಪರೀಕ್ಷೆ ಬೇಕಾಗಿಲ್ಲ. ಹಗಲಿನಲ್ಲಿ ತಡೆಯಲಾಗದ ನಿದ್ದೆ ಬರುವುದು, ನಕ್ಕಾಗ ಮೊಣಕಾಲು ಕುಸಿಯುವುದು ಇದ್ದರೆ ಮಾತ್ರ ವೈದ್ಯರಿಗೆ ಹೇಳಲೇಬೇಕು.

ತೀರ್ಥ ಚಿಮುಕಿಸಿ ಪ್ರಾರ್ಥಿಸಿದರೆ ಹೆದರಿದ ಮನಸ್ಸಿಗೆ ಶಾಂತಿ ಬರುತ್ತದೆ, ಬರಲಿ. ಆದರೆ ಹೊಸದಾಗಿ ಬಂದ ಸೊಸೆಯ ಕಾಲ್ಗುಣವೆಂದೋ, ನೆರೆಮನೆಯವರು ಮಾಟ ಮಾಡಿಸಿದರೆಂದೋ ಬಾಯಿಬಿಟ್ಟು ಮನೆ ಮುರಿಯುವುದನ್ನು ಕಂಡಾಗ ಸುಮ್ಮನಿರಲಾಗುವುದಿಲ್ಲ. ಒಂದು ಸ್ನಾಯುವಿನ ಚಿಲಕಕ್ಕೆ ಒಬ್ಬ ಹೆಣ್ಣುಮಗಳು ಏಕೆ ದಂಡ ತೆರಬೇಕು?

ಮಕ್ಕಳ ಬಗ್ಗೆ ಎರಡು ಮಾತು. ಮಲಗಿದ ಒಂದೆರಡು ಗಂಟೆಯೊಳಗೆ ಎದ್ದು ಕೂತು ಕಿಟಾರನೆ ಚೀರುವ, ಅಮ್ಮನನ್ನೂ ಗುರುತಿಸದ, ಬೆಳಗ್ಗೆ ಏನೂ ನೆನಪಿರದ ಮಗುವಿಗೆ ಆಗುತ್ತಿರುವುದು ಗಾಢನಿದ್ರೆಯಿಂದ ಅರ್ಧ ಮಾತ್ರ ಎಚ್ಚರವಾಗುವ ತೊಂದರೆ. ಅಲುಗಾಡಿಸಿ ಎಬ್ಬಿಸಬೇಡಿ, ಬೀಳದಂತೆ ನೋಡಿಕೊಂಡರೆ ಸಾಕು. ಬಹುಪಾಲು ಬೆಳೆಯುತ್ತ ತಾನೇ ಹೋಗುತ್ತದೆ. ಆದರೆ ದಿನವೂ ಗೊರಕೆ ಹೊಡೆಯುವ, ಬಾಯಿ ತೆರೆದು ಮಲಗುವ ಮಗುವಿಗೆ ಟಾನ್ಸಿಲ್, ಅಡೆನಾಯ್ಡ್ ದಪ್ಪಗಾಗಿ ಉಸಿರು ಕಟ್ಟುತ್ತಿರಬಹುದು. ಅಂಥ ಮಗುವನ್ನು ತೋರಿಸಬೇಕು.

ಒಂದೇ ರಾತ್ರಿ ಹಲವು ಸಲ, ಪ್ರತಿ ಸಲವೂ ಅದೇ ರೀತಿ ಕೈ ಎತ್ತಿ, ಅದೇ ಪಕ್ಕಕ್ಕೆ ತಿರುಗಿ, ಅರೆ ನಿಮಿಷ ಕಾಲು ಒದೆದು ನಿಲ್ಲಿಸುವವರಿದ್ದಾರೆ. ಕೆಟ್ಟ ಕನಸೆಂದು ಕಾಣುವ ಇದು ಮಿದುಳಿನ ಮುಂಭಾಗದ ಮೂರ್ಛೆರೋಗವಿರಬಹುದು. 1981ರಲ್ಲಿ ಇಟಲಿಯ ಬೊಲೊನ್ಯಾದ ಲುಗಾರೇಸಿ ಅವರು ಮಲಗಿದವರ ಚಿತ್ರೀಕರಣದಿಂದ ಇಂಥವರನ್ನು ಬೇರೆ ಮಾಡಿ ವರ್ಣಿಸಿದರು. ಇದಕ್ಕೆ ಔಷಧವಿದೆ.

ಪರೀಕ್ಷೆ ಹೇಳದ ಕಾರಣಗಳು

ಎಲ್ಲ ಎಚ್ಚರಕ್ಕೂ ಈ ಪರೀಕ್ಷೆ ಉತ್ತರವಲ್ಲ. ಮಲಗಿ ಒಂದೆರಡು ಗಂಟೆಗೆ ಉಬ್ಬಸ ಬಂದು ಎದ್ದು ಕೂತು ಕಿಟಕಿಗೆ ಓಡುವವರಿಗೆ, ಜೊತೆಗೆ ಪಾದ ಊದಿದ್ದರೆ, ನಿದ್ರಾ ಪರೀಕ್ಷೆಗೆ ಸರದಿ ಕಾಯುತ್ತ ಕೂರಬಾರದು. ಅದು ಹೃದಯ ಸೋಲುತ್ತಿರುವ ಲಕ್ಷಣವಿರಬಹುದು, ಕೂಡಲೇ ಹೃದಯ ವೈದ್ಯರಿಗೆ ತೋರಿಸಬೇಕು. ಹುಳಿತೇಗು ಗಂಟಲಿಗೆ ಬಂದು ಎಬ್ಬಿಸುವುದುಂಟು. ಆಸ್ತಮಾ ಬೆಳಗಿನ ಜಾವ ಎಬ್ಬಿಸುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರನ್ನು ಸಕ್ಕರೆ ಇಳಿದು ಬೆವರಿನೊಂದಿಗೆ ಎಬ್ಬಿಸುತ್ತದೆ. ಮುಟ್ಟು ನಿಲ್ಲುವ ಕಾಲದ ತಾಯಂದಿರನ್ನು ಮೈಬಿಸಿ ಎಬ್ಬಿಸುತ್ತದೆ. ಯಾವ ಕನಸೂ ಇಲ್ಲದೆ ಬರೀ ಸಾವಿನ ಭಯ ಎಬ್ಬಿಸುವವರೂ ಉಂಟು. ಅಲ್ಲಿ ಉಸಿರಿನ ದೋಷವಿಲ್ಲವೆಂದು ತೋರಿಸುವಷ್ಟೇ ಪರೀಕ್ಷೆಯ ಕೆಲಸ.

ಇನ್ನು ಸಾಲ, ಸಾವು, ಮಗಳ ಬಾಳಿನ ಚಿಂತೆಯಿಂದ ಮೂರು ಗಂಟೆಗೆ ಎದ್ದು ಸೂರು ನೋಡುವವರು. ಇವರ ಪರೀಕ್ಷೆ ಬಹಳ ಸಲ ಸರಿಯಾಗಿಯೇ ಬರುತ್ತದೆ. ಸರಿಯಾಗಿ ಬಂತೆಂದರೆ ಅವರು ಸುಳ್ಳು ಹೇಳಿದರೆಂದಲ್ಲ. ಬರೀ ನಿದ್ರಾಹೀನತೆಗೆ ಮೊದಲೇ ಈ ಪರೀಕ್ಷೆ ಮಾಡಿಸಬೇಕಾಗಿಲ್ಲವೆಂದು ತಜ್ಞರ ಸಲಹೆ. ಮಾತ್ರೆಗಿಂತ ಮೊದಲು ನಿದ್ರೆಯ ಅಭ್ಯಾಸವನ್ನೂ ಅದರ ಬಗೆಗಿನ ಆತಂಕವನ್ನೂ ತಿದ್ದುವ ಮಾತಿನ ಚಿಕಿತ್ಸೆಯನ್ನು ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಹೇಳಿತು. ಮೆಡಿಕಲ್ ಷಾಪಿನಿಂದ ತಾವೇ ನಿದ್ದೆ ಮಾತ್ರೆ ತಂದು ನುಂಗುವುದಂತೂ ಬೇಡ. ಉಸಿರು ನಿಲ್ಲುವ ರೋಗವಿದ್ದರೆ ಕೆಲವು ಮಾತ್ರೆಗಳು ಅದನ್ನು ಹೆಚ್ಚಿಸಬಲ್ಲವು.

ಯಂತ್ರದ ಬಗ್ಗೆಯೂ ಅತಿಯಾದ ಆಸೆ ಹುಟ್ಟಿಸಬಾರದು. 2016ರಲ್ಲಿ ಪ್ರಕಟವಾದ, 2,700ಕ್ಕೂ ಹೆಚ್ಚು ಹೃದಯ ಮತ್ತು ಮಿದುಳಿನ ರಕ್ತನಾಳದ ರೋಗಿಗಳ ಅಧ್ಯಯನದಲ್ಲಿ ಸಿಪ್ಯಾಪ್‌ನಿಂದ ಹಗಲಿನ ತೂಕಡಿಕೆ ಕಡಿಮೆಯಾಯಿತು, ಮನಸ್ಸು ಹಗುರವಾಯಿತು. ಆದರೆ ಹೃದಯಾಘಾತ, ಲಕ್ವ ಕಡಿಮೆಯಾದದ್ದು ಕಾಣಲಿಲ್ಲ. ಅವರು ಸರಾಸರಿ ರಾತ್ರಿಗೆ ಮೂರೂಕಾಲು ಗಂಟೆ ಮಾತ್ರ ಮುಖವಾಡ ಹಾಕಿಕೊಂಡಿದ್ದರೆಂಬುದನ್ನೂ ಹೇಳಬೇಕು. ಕಪಾಟಿನಲ್ಲಿಟ್ಟ ಯಂತ್ರ ಯಾರ ಉಸಿರನ್ನೂ ಕಾಯದು.

ಹೋಗುವ ಮೊದಲು

ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಮಲಗಿದಿರಿ, ಎಷ್ಟು ಗಂಟೆಗೆ ಹೇಗೆ ಎಚ್ಚರವಾಯಿತು, ಸಂಜೆ ಕಾಫಿ, ಮದ್ಯ, ಮಾತ್ರೆ ಏನು ತೆಗೆದುಕೊಂಡಿರಿ. ಪಕ್ಕದಲ್ಲಿ ಮಲಗುವವರನ್ನು ವೈದ್ಯರ ಬಳಿಗೆ ಜೊತೆಯಲ್ಲೇ ಕರೆದೊಯ್ಯಿರಿ. ಅವರ ಮಾತಿಗೆ ನಿಮ್ಮ ಮಾತಿಗಿಂತ ಬೆಲೆ ಹೆಚ್ಚು. ಮೊಬೈಲಿನಲ್ಲಿ ಗೊರಕೆಯನ್ನೋ ಒದೆತವನ್ನೋ ಚಿತ್ರಿಸಿಕೊಂಡಿದ್ದರೆ ಇನ್ನೂ ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರೆಯ ಪ್ರಯೋಗಾಲಯವಿದೆ. ನಗರಗಳ ಅನೇಕ ದೊಡ್ಡ ಆಸ್ಪತ್ರೆಗಳಲ್ಲೂ ಈ ಪರೀಕ್ಷೆ ನಡೆಯುತ್ತದೆ. ಖರ್ಚು ಸಾವಿರಗಳ ಲೆಕ್ಕದಲ್ಲಿರುವುದರಿಂದ ಮೊದಲೇ ವಿಚಾರಿಸಿ. ಮನೆಯಲ್ಲೇ ಕಟ್ಟಿಕೊಂಡು ಮಲಗುವ ಸಣ್ಣ ಯಂತ್ರವೂ ಉಂಟು. ಅದು ಉಸಿರನ್ನೂ ಆಮ್ಲಜನಕವನ್ನೂ ನೋಡುತ್ತದೆ, ಮಿದುಳಿನ ಅಲೆಗಳನ್ನು ಸಾಮಾನ್ಯವಾಗಿ ನೋಡುವುದಿಲ್ಲ. ಗೊರಕೆ ಹೊಡೆದು ಉಸಿರು ಕಟ್ಟುವವರಿಗೆ ಅದು ಸಾಕಾಗಬಹುದು, ಕೈಕಾಲು ಬಡಿಯುವವರಿಗೆ, ಮೂರ್ಛೆಯ ಅನುಮಾನವಿರುವವರಿಗೆ ಸಾಲದು.

ಆ ದಿನ ತಲೆ ತೊಳೆದುಕೊಂಡು ಹೋಗಿ, ಎಣ್ಣೆ ಮಾತ್ರ ಹಚ್ಚಬೇಡಿ. ಎಣ್ಣೆಗೂದಲಿಗೆ ಬಿಲ್ಲೆಗಳು ಅಂಟುವುದಿಲ್ಲ. ಉಗುರಿನ ಬಣ್ಣ ತೆಗೆಯಿರಿ. ಮಧ್ಯಾಹ್ನ ಮಲಗಬೇಡಿ, ಮಧ್ಯಾಹ್ನದ ಮೇಲೆ ಕಾಫಿ ಬೇಡ. ದಿನವೂ ತೆಗೆದುಕೊಳ್ಳುವ ಮಾತ್ರೆಗಳನ್ನು ವೈದ್ಯರು ಹೇಳದೆ ನಿಲ್ಲಿಸಬೇಡಿ. ಬೇಕಾದರೆ ನಿಮ್ಮದೇ ತಲೆದಿಂಬು ಒಯ್ಯಿರಿ. ಮೊದಲ ಅರ್ಧ ರಾತ್ರಿಯಲ್ಲೇ ಉಸಿರು ಬಹಳ ಸಲ ನಿಂತದ್ದು ಕಂಡರೆ, ಉಳಿದರ್ಧ ರಾತ್ರಿಗೆ ಅಲ್ಲೇ ಮುಖವಾಡ ತೊಡಿಸಿ ಎಷ್ಟು ಒತ್ತಡದ ಗಾಳಿ ಬೇಕೆಂದು ನೋಡುವುದುಂಟು. ವರದಿ ಬಂದ ಮೇಲೆ ಗಂಟೆಗೆ ಎಷ್ಟು ಸಲ ಎಂಬ ಒಂದು ಅಂಕಿಯನ್ನು ಮಾತ್ರ ಕೇಳಿಕೊಂಡು ಬರಬೇಡಿ. ಆಮ್ಲಜನಕ ಎಷ್ಟಕ್ಕೆ ಇಳಿಯಿತು, ಅಂಗಾತ ಮಲಗಿದಾಗ ಹೆಚ್ಚೋ ಮಗ್ಗುಲಾದಾಗ ಹೆಚ್ಚೋ, ಕನಸಿನ ನಿದ್ರೆಯಲ್ಲಿ ಹೇಗಿತ್ತು ಎಂದೂ ಕೇಳಿ. ಅಂಗಾತ ಮಲಗಿದಾಗ ಮಾತ್ರ ತೊಂದರೆಯೆಂದಾದರೆ, ಬೆನ್ನಿಗೆ ದಿಂಬು ಕೊಟ್ಟು ಮಗ್ಗುಲಾಗಿ ಮಲಗುವ ಅಭ್ಯಾಸದಿಂದಲೇ ಕೆಲವರಿಗೆ ಗುಣ ಕಾಣುತ್ತದೆ.